ಕ್ಯಾಲ್ಕ್ ಚಾರ್ಟಿನಲ್ಲಿ ಅಡಿ, ಕ್ಯೂಸೆಕ್, ಮಿಲಿಮೀಟರ್: ಮೂರಕ್ಕೂ ಬೇರೆ ಬೇರೆ ಅಕ್ಷ ಕೊಡಬಹುದೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಗದ್ದೆ ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿದೆ. ಹಾಗಾಗಿ ಕೃಷ್ಣರಾಜಸಾಗರದ ನೀರಿನ ಮಟ್ಟ, ಸಂಗ್ರಹ, ಒಳಹರಿವು ಮತ್ತು ಭಾಗಮಂಡಲದ ಮಳೆಯನ್ನು ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ದಿನಕ್ಕೊಂದು ಸಾಲಿನಂತೆ 122 ಸಾಲುಗಳಲ್ಲಿ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಬರೆದಿಟ್ಟಿದ್ದೇನೆ. ಮಟ್ಟ, ಒಳಹರಿವು, ಮಳೆ ಮೂರನ್ನೂ ಸೇರಿಸಿ ಚಾರ್ಟ್ ಮಾಡಿದರೆ, ಒಳಹರಿವು ಹತ್ತಾರು ಸಾವಿರ ಕ್ಯೂಸೆಕ್‌ಗೆ (ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ) ಏರುವುದರಿಂದ ಉಳಿದೆರಡು ಗೆರೆಗಳು ತಳಕ್ಕೆ ಅಂಟಿಕೊಂಡು ಒಂದೇ ಗೆರೆಯಂತೆ ಕಾಣುತ್ತವೆ. ಅಣೆಕಟ್ಟು ಗರಿಷ್ಠ ಮಟ್ಟವಾದ 124.80 ಅಡಿಗೆ ತುಂಬಿದ್ದು ಕೂಡ ಕಣ್ಣಿಗೆ ಬೀಳುವುದಿಲ್ಲ. ಮಟ್ಟದ ಗೆರೆಗೆ ಬಲಗಡೆಯ ಅಕ್ಷ ಕೊಡೋಣವೆಂದರೆ, ಎಷ್ಟು ಸಲ ಕ್ಲಿಕ್ ಮಾಡಿದರೂ ಮಳೆಯ ಗೆರೆಯೇ ಆಯ್ಕೆಯಾಗುತ್ತದೆ. ಮಳೆಗೆ ಮೂರನೆಯ ಅಕ್ಷವೂ ಬೇಕು. ದಾರಿ ತೋರಿಸುವಿರಾ?

ಮೊದಲ ಉತ್ತರ

ಗೆರೆಯ ಮೇಲೆ ಕ್ಲಿಕ್ ಮಾಡುವ ಅಗತ್ಯವೇ ಇಲ್ಲ. ಚಾರ್ಟಿನ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದಾಗ ಟೂಲ್‌ಬಾರಿನ ಎಡತುದಿಯಲ್ಲಿ ಚಾರ್ಟಿನ ಭಾಗಗಳ ಹೆಸರುಗಳಿರುವ ಪಟ್ಟಿ ಕಾಣಿಸುತ್ತದೆ. ಅದರಲ್ಲಿ ಮಟ್ಟದ ಸರಣಿಯನ್ನು ಆರಿಸಿ, ಪಕ್ಕದಲ್ಲಿರುವ ಫಾರ್ಮ್ಯಾಟ್ ಸೆಲೆಕ್ಷನ್ ಒತ್ತಿ, ಆಪ್ಷನ್ಸ್ ಪುಟದಲ್ಲಿ ಸೆಕೆಂಡರಿ ವೈ ಆಕ್ಸಿಸ್ ಆಯ್ದುಕೊಳ್ಳಿ. ಬಳಿಕ ಬಲಗಡೆಯ ಅಕ್ಷದ ಕನಿಷ್ಠವನ್ನು 75, ಗರಿಷ್ಠವನ್ನು 125 ಎಂದು ನೀವೇ ನಮೂದಿಸಿ. ಎರಡೂ ಗೆರೆಗಳು ಎಲ್ಲಿಯಾದರೂ ಒಂದನ್ನೊಂದು ಕತ್ತರಿಸಿದರೆ ಅದಕ್ಕೆ ಅರ್ಥ ಹುಡುಕಬೇಡಿ. ಅಕ್ಷದ ಕನಿಷ್ಠವನ್ನು ಬದಲಿಸಿದರೆ ಆ ಬಿಂದುವೂ ಸರಿಯುತ್ತದೆ.

ಮೂರನೆಯ ಲಂಬಾಕ್ಷಕ್ಕೆ ಕ್ಯಾಲ್ಕ್‌ನಲ್ಲಿಯೂ ಎಕ್ಸೆಲ್‌ನಲ್ಲಿಯೂ ಅವಕಾಶವಿಲ್ಲ.

ಎರಡನೆಯ ಉತ್ತರ

ಮೂರನೆಯ ಅಕ್ಷ ಇದ್ದಿದ್ದರೂ ನಾನು ಅದನ್ನು ಬಳಸಬೇಡಿ ಎಂದೇ ಹೇಳುತ್ತಿದ್ದೆ, ಏಕೆಂದರೆ ಯಾವ ಗೆರೆಯನ್ನು ಯಾವ ಅಕ್ಷದಲ್ಲಿ ಓದಬೇಕೆಂದು ನೋಡುವವರು ತಡಕಾಡಬೇಕಾಗುತ್ತದೆ. ಅಕ್ಷ ಹೆಚ್ಚಿಸುವ ಮೊದಲು ಅಳತೆಯನ್ನು ಒಂದುಗೂಡಿಸಿ ನೋಡಿ. ಒಂದು ದಿನವಿಡೀ 11,574 ಕ್ಯೂಸೆಕ್ ನೀರು ಹರಿದು ಬಂದರೆ ಹೆಚ್ಚುಕಡಿಮೆ 1 ಟಿಎಂಸಿ, ಅಂದರೆ 100 ಕೋಟಿ ಘನ ಅಡಿ ಆಗುತ್ತದೆ. ಅಂದರೆ ದಿನದ ಸರಾಸರಿ ಕ್ಯೂಸೆಕ್ ಅಂಕಿಯನ್ನು 86,400ರಿಂದ ಗುಣಿಸಿ 100 ಕೋಟಿಯಿಂದ ಭಾಗಿಸಿದರೆ ಆ ದಿನ ಬಂದ ನೀರು ಟಿಎಂಸಿಯಲ್ಲಿ ಸಿಗುತ್ತದೆ. ಜೂನ್ 1ರ ಸಂಗ್ರಹಕ್ಕೆ ಇದನ್ನು ದಿನದಿನವೂ ಕೂಡಿಸುತ್ತಾ ಹೋಗುವ ಹೊಸ ಕಾಲಂ ಮಾಡಿ, ಅಡಿಯ ಬದಲು ಸಂಗ್ರಹದ ಕಾಲಂ ಜೊತೆ ಎಡ ಅಕ್ಷದಲ್ಲಿಯೇ ಇಡಿ. ಆಗ ಎರಡು ಗೆರೆಗಳ ನಡುವಿನ ಅಂತರವೇ ನಾಲೆಗೆ, ನದಿಗೆ ಬಿಟ್ಟ ನೀರು ಮತ್ತು ಆವಿಯಾದದ್ದು ಒಟ್ಟಾರೆ ಎಷ್ಟೆಂದು ತೋರಿಸುತ್ತದೆ. ಅಚ್ಚುಕಟ್ಟಿನ ರೈತರಿಗೆ ಮಟ್ಟಕ್ಕಿಂತ ಹೆಚ್ಚು ಬೇಕಾಗುವ ಲೆಕ್ಕ ಇದೇ ಎಂದು ನನ್ನ ಅಭಿಪ್ರಾಯ.

ಬಲ ಅಕ್ಷ ಮಳೆಗೆ ಉಳಿಯಿತು. ಚಾರ್ಟಿನ ಬಗೆಯನ್ನು ಕಾಲಂ ಅಂಡ್ ಲೈನ್ ಎಂದು ಬದಲಿಸಿ ಮಳೆಯನ್ನು ಕಂಬಗಳಾಗಿ ತೋರಿಸಿ, ಬಲ ಅಕ್ಷದ ಸ್ಕೇಲ್ ಪುಟದಲ್ಲಿ ರಿವರ್ಸ್ ಡೈರೆಕ್ಷನ್ ಗುರುತು ಹಾಕಿ. ಕಂಬಗಳು ಮೇಲಿನಿಂದ ಕೆಳಕ್ಕೆ ಇಳಿಬೀಳುತ್ತವೆ. ಜಲವಿಜ್ಞಾನದವರು ಮಳೆ ಮತ್ತು ಹರಿವನ್ನು ಒಟ್ಟಿಗೆ ತೋರಿಸುವಾಗ ಬಹುಕಾಲದಿಂದ ಅನುಸರಿಸುತ್ತಿರುವ ಕ್ರಮವಿದು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಪಟ್ಟಿಯಿಂದ ಆರಿಸಿದಾಗ ಸರಣಿ ಮೊದಲ ಸಲಕ್ಕೇ ಸಿಕ್ಕಿತು, ಟಿಎಂಸಿಯ ಕಾಲಂ ಕೂಡ ಆಯಿತು. ಆದರೆ ಜುಲೈ ತಿಂಗಳ ಮಳೆಯ ಕಂಬಗಳು ಕೆಳಗಿನವರೆಗೂ ಇಳಿದು ಗೆರೆಗಳನ್ನು ಮುಚ್ಚಿಬಿಡುತ್ತಿವೆ.

ಎರಡನೆಯ ಉತ್ತರ ಬರೆದವರಿಂದ

ಬಲ ಅಕ್ಷದ ಗರಿಷ್ಠವನ್ನು ನಿಮ್ಮಲ್ಲಿರುವ ಅತಿ ಹೆಚ್ಚಿನ ಮಳೆಯ ಮೂರರಷ್ಟು ಮಾಡಿ. 200 ಮಿ.ಮೀ. ಇದ್ದರೆ 600 ಎಂದು ಕೊಡಿ. ಕಂಬಗಳು ಮೇಲಿನ ಮೂರನೆಯ ಒಂದು ಭಾಗದಲ್ಲಿಯೇ ನಿಲ್ಲುತ್ತವೆ.