ನಾಯಿ 4 ಕಾಂಬಿಫ್ಲಾಮ್ (ನೋವಿನ ಗುಳಿಗಿ) ನುಂಗೇತ್ರಿ, ಉಪ್ಪನೀರು ಕುಡಸ್ಬೋದೇನು?

ಪ್ರಶ್ನೆ (ಮುಧೋಳ):
ಮುಧೋಳ ತಳಿ, ಗಂಡು, 20 ಕಿಲೋ. ನುಂಗಿ ಅರ್ಧ ತಾಸಾತು. ಆರಾಮಾಗೇ ಓಡ್ಯಾಡಾಕತ್ತೈತಿ. ಉಪ್ಪನೀರು ಕುಡಿಸಿ ವಾಂತಿ ಮಾಡಸ್ರಿ ಅಂತ ಮನ್ಯಾಗ ಹೇಳಾಕತ್ತಾರ.

ಉತ್ತರ (ಬಾಗಲಕೋಟೆ):
ಉಪ್ಪನೀರು ಬ್ಯಾಡೇ ಬ್ಯಾಡ್ರಿ. ವಾಂತಿ ಆಗದಿದ್ರ ಉಪ್ಪು ರಕ್ತಕ್ಕ ಸೇರಿ ಫಿಟ್ಸ್ ಬರ್ತಾವ, ಗುಳಿಗಿಗಿಂತ ಅದೇ ಮೊದಲ ಕೊಲ್ಲಬಹುದು. ಗಂಟಲಾಗ ಬಳ್ಳು ಹಾಕಬ್ಯಾಡ್ರಿ. ಹಾಲು, ತುಪ್ಪ, ಮಜ್ಜಿಗಿ ಇದಕ್ಕ ಮದ್ದಲ್ಲ.

ಒಂದ್ ಗುಳಿಗ್ಯಾಗ ಐಬುಪ್ರೊಫೇನ್ 400 ಮಿ.ಗ್ರಾಂ, ಪ್ಯಾರಾಸಿಟಮಾಲ್ 325. ನಾಲ್ಕಕ್ಕ 1600 ಮತ್ತ 1300; ನಿಮ್ಮ ನಾಯಿಗೆ ಕಿಲೋಕ್ಕ 80 ಮತ್ತ 65 ಬೀಳ್ತೈತಿ. ಕಿಲೋಕ್ಕ ಐಬುಪ್ರೊಫೇನ್ 25 ದಾಟಿದ್ರನ ವಾಂತಿ, ಹೊಟ್ಟಿ ಹುಣ್ಣು. 175ರ ಸುತ್ತ ಹೋದ್ರ ಕಿಡ್ನಿ ಕೆಡ್ತೈತಿ. ಪ್ಯಾರಾಸಿಟಮಾಲ್ 75ರಿಂದ 100ಕ್ಕ ಲಿವರ್ ಕೆಡ್ತೈತಿ. ಅಂದ್ರ ನುಂಗಿದ್ದು ಐದಾಗಿದ್ರ ಎರಡನೇದೂ ಗೆರಿ ದಾಟ್ತೈತಿ. ಪಟ್ಟಿ ಎಣಸ್ರಿ, ಮಂಚದ ಕೆಳಗೂ ನೋಡ್ರಿ. ಪಟ್ಟಿಯ ತಗಡಿನ ತುಂಡೂ ಹೋಗಿದ್ರ ಡಾಕ್ಟರ್‌ಗೆ ಮೊದಲ ಹೇಳ್ರಿ, ವಾಂತಿ ಆಗುವಾಗ ಅದರ ಅಂಚು ಅನ್ನನಾಳ ಕೊಯ್ತೈತಿ.

ಆರಾಮ ಐತಿ ಅಂತ ಕುಂದರಬ್ಯಾಡ್ರಿ. ವಾಂತಿ ಮಾಡ್ಸಾಕ ಸಾಮಾನ್ಯವಾಗಿ 2 ತಾಸಿನೊಳಗ ಹೋಗಬೇಕು. ಪಶು ಡಾಕ್ಟರ್ ಇಂಜೆಕ್ಷನ್ ಕೊಟ್ಟು ವಾಂತಿ ಮಾಡಸ್ತಾರ, ಆಮ್ಯಾಲ ಇದ್ದಲಿಪುಡಿ ಔಷಧ. ಐಬುಪ್ರೊಫೇನ್ ಪಿತ್ತದ ದಾರ್‍ಯಾಗ ಕರಳಿಗೆ ತಿರುಗಿ ಬರ್ತೈತಿ, ಅದಕ್ಕ ಇದ್ದಲಿ ಒಮ್ಮಿಗೇ ಮುಗಿಯೂದಿಲ್ಲ. ಪಶು ಆಂಬುಲೆನ್ಸ್ ನಂಬರ್ 1962ಕ್ಕೂ ಫೋನ್ ಹಚ್ರಿ, ಆದ್ರ ಗಾಡಿ ಬರೂತನಾ ಕಾಯಬ್ಯಾಡ್ರಿ.

ಉತ್ತರ (ವಿಜಯಪುರ):
ಹೈಡ್ರೋಜನ್ ಪೆರಾಕ್ಸೈಡ್ ಕುಡಸ್ರಿ ಅಂತ ಯಾರರ ಹೇಳ್ತಾರ, ಕೇಳಬ್ಯಾಡ್ರಿ. ಅದನ್ನ ಬಳಸಿದ್ರೂ 3%ದ್ದು, ಅದೂ ಡಾಕ್ಟರ್ ಹೇಳಿದ್ರಷ್ಟ. ನಮ್ಮ ಔಷಧ ಅಂಗಡ್ಯಾಗ ಸಿಗೂದು ಬಹಳ ಸಲ 6%ದ್ದು. ಮೊದಲೇ ಹುಣ್ಣು ಮಾಡೂ ಗುಳಿಗಿ ಹೊಟ್ಯಾಗ ಅದ, ಇದು ಇನ್ನಷ್ಟು ಸುಡತದ.

ವಸಡಿ ಕಂದು ಇಲ್ಲಾ ನೀಲಿ ಆದ್ರ, ಮುಖ, ಪಂಜಾ ಬಾತ್ರ ಅದು ಪ್ಯಾರಾಸಿಟಮಾಲ್ ಕೆಲಸ. ಅದಕ್ಕ ಮದ್ದು ಅಸಿಟೈಲ್‌ಸಿಸ್ಟೀನ್. ಪಶು ದವಾಖಾನ್ಯಾಗ ಇರದಿದ್ರ ಚೀಟಿ ಬರಸ್ಕೊಂಡು ಮನುಷ್ಯಾರ ಔಷಧ ಅಂಗಡ್ಯಾಗ ತರ್ರಿ. ಡಾಂಬರದಂಗ ಕರೀ ಲದ್ದಿ ಹಾಕಿದ್ರ ಒಳಗ ರಕ್ತ ಸೋರಾಕತ್ತದ. ಹುಣ್ಣು ಆಗದಂಗ ಡಾಕ್ಟರ್ ಕೊಡೂ ಗುಳಿಗಿ ಕೆಲವು ದಿನ ಬಿಡಬ್ಯಾಡ್ರಿ, ಕಿಡ್ನಿ ರಕ್ತ ಪರೀಕ್ಷಾ 2-3 ದಿನಕ್ಕ ಮತ್ತೊಮ್ಮೆ. ಐಬುಪ್ರೊಫೇನ್ ಜಾತಿಯ ನೋವಿನ ಇಂಜೆಕ್ಷನ್, ಸ್ಟೆರಾಯ್ಡ್ ಈ ಹೊತ್ತಿನ್ಯಾಗ ಕೂಡದು. ಮನ್ಯಾಗ ಬೆಕ್ಕಿದ್ರ ನಾಯಿ ವಾಂತಿ ಹತ್ರ ಬಿಡಬ್ಯಾಡ್ರಿ, ಬೆಕ್ಕಿನ ಜೀವಾ ತೆಗ್ಯಾಕ ಒಂದೇ ಗುಳಿಗಿ ಸಾಕು.

ಪ್ರಶ್ನೆ ಕೇಳಿದವರು:
ಎಣಿಸಿದ್ವಿ, ನಾಲ್ಕೇ. ತಗಡು ಪೂರ್ತಿ ಸಿಕ್ಕೈತಿ. ಪಟ್ಟಿ ತೊಗೊಂಡು ಹೊಂಟೀವ್ರಿ.