ಕಪ್ಪು-ಬಿಳುಪು ಚಿತ್ರದ ಶೈಲಿಯ ಕೇಕ್: ಕಪ್ಪು ಬಣ್ಣ ಬಿಳಿಯೊಳಗೆ ಹರಡುವುದನ್ನು ತಡೆಯುವುದು ಹೇಗೆ?

ಪ್ರಶ್ನೆ

1940ರ ದಶಕದ ಫಿಲ್ಮ್ ನುವಾರ್ (ಕಡು ನೆರಳು-ಬೆಳಕಿನ ಕಪ್ಪು-ಬಿಳುಪು ಅಪರಾಧ ಕಥೆಯ) ಚಿತ್ರಗಳಲ್ಲಿ ಕಿಟಕಿಯ ಅಡ್ಡಪಟ್ಟಿಗಳ ನಡುವಿನಿಂದ ತೂರಿಬಂದ ಬೆಳಕು ಪತ್ತೇದಾರನ ಕೋಣೆಯ ಗೋಡೆಯ ಮೇಲೆ ಮೂಡಿಸುವ ಕಪ್ಪು-ಬಿಳಿ ಗೆರೆಗಳನ್ನು 20 ಸೆಂ.ಮೀ. ಅಗಲದ ಕೇಕಿನ ಸುತ್ತ ತರಬೇಕೆಂದು ಹೊರಟಿದ್ದೆ. 250 ಗ್ರಾಂ ಬೆಣ್ಣೆಗೆ 500 ಗ್ರಾಂ ಐಸಿಂಗ್ ಸಕ್ಕರೆ ಸೇರಿಸಿ ಬಟರ್‌ಕ್ರೀಮ್ ಮಾಡಿ, ಅದರ ಅರ್ಧಕ್ಕೆ ಕಪ್ಪು ದ್ರವ ಬಣ್ಣ ಬೆರೆಸಿದೆ. ಎರಡು ಚಮಚ ಸುರಿದರೂ ಬೂದು ಬಣ್ಣ ದಾಟಲಿಲ್ಲ. ಮೇಲಾಗಿ ಕ್ರೀಮ್ ಒಡೆದು ನೀರು ಬಿಟ್ಟಿತು. ಹೇಗೋ ಪಟ್ಟಿಗಳನ್ನು ಹಚ್ಚಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಹೊರತೆಗೆದರೆ, ಅರ್ಧ ಗಂಟೆಯೊಳಗೆ ಕೇಕಿನ ಮೈಯೆಲ್ಲ ಬೆವರಿ, ಪ್ರತಿ ಗೆರೆಯ ಅಂಚಿನಲ್ಲೂ ನೇರಳೆ ಬಣ್ಣ ಬಿಳಿಯೊಳಗೆ ಇಳಿದಿತ್ತು. ಬಿಳಿ ಭಾಗವೂ ಬೆಣ್ಣೆಯ ಹಳದಿಯಲ್ಲೇ ಉಳಿದಿದೆ. ತಪ್ಪಿದ್ದೆಲ್ಲಿ ಎಂದು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ತಾವು ಕಂಡ ನೇರಳೆ ಅಂಚಿನಲ್ಲೇ ಉತ್ತರವಿದೆ. ಅಂಗಡಿಯಲ್ಲಿ ಸಿಗುವ ಕಪ್ಪು ಬಣ್ಣ ಹೆಚ್ಚಾಗಿ ನೀಲಿ, ಕೆಂಪು, ಹಳದಿಗಳ ಮಿಶ್ರಣ, ಮತ್ತು ಅವು ನೀರಿನಲ್ಲಿ ಕರಗುತ್ತವೆ. ತಣ್ಣನೆಯ ಕೇಕಿನ ಮೇಲೆ ಗಾಳಿಯ ತೇವ ಹನಿಗಟ್ಟಿದಾಗ ಆ ಬಣ್ಣಗಳು ಬೇರೆ ಬೇರೆ ವೇಗದಲ್ಲಿ ಸರಿಯುತ್ತವೆ. ಮಸಿಯ ಚುಕ್ಕೆಯಿಟ್ಟ ಸೋಸುಕಾಗದದ ತುದಿಯನ್ನು ನೀರಿಗೆ ತಾಗಿಸಿದಾಗ ಆಗುವುದೂ ಇದೇ. ಕ್ರೀಮ್ ಒಡೆದದ್ದಕ್ಕೂ ಆ ಎರಡು ಚಮಚ ದ್ರವವೇ ಕಾರಣ, ಏಕೆಂದರೆ ಬೆಣ್ಣೆ ಅಷ್ಟು ನೀರನ್ನು ಹಿಡಿದಿಟ್ಟುಕೊಳ್ಳಲಾರದು.

ಬಿಳಿಯಿಂದ ಕಪ್ಪಿಗೆ ಹೋಗಬೇಡಿ, ಕಂದಿನಿಂದ ಹೋಗಿ. ಅರ್ಧ ಭಾಗ ಕ್ರೀಮಿಗೆ ಸುಮಾರು 40 ಗ್ರಾಂ ಕಡುಗಪ್ಪು ಕೋಕೋ ಪುಡಿಯನ್ನು ಜರಡಿ ಹಿಡಿದು ಸೇರಿಸಿ, ಬಳಿಕ ಚಿಟಿಕೆಯಷ್ಟು ಜೆಲ್ ಬಣ್ಣ ಅಥವಾ ಎಣ್ಣೆಯಲ್ಲಿ ಬೆರೆಯುವ ಬಣ್ಣ ಹಾಕಿ, ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಗಾಗುವಷ್ಟರಲ್ಲಿ ಬಣ್ಣ ತಾನಾಗಿ ಗಾಢವಾಗಿರುತ್ತದೆ. ಫ್ರಿಜ್ಜಿನಿಂದ ತೆಗೆದ ಕೇಕನ್ನು ಡಬ್ಬಿಯಿಂದ ಹೊರತೆಗೆಯದೆ ಕೋಣೆಯ ಉಷ್ಣತೆಗೆ ಬರಲು ಬಿಟ್ಟರೆ ಬೆವರಿನ ಬಹುಪಾಲು ಡಬ್ಬಿಯ ಮೇಲೆ ನಿಲ್ಲುತ್ತದೆ.

ಎರಡನೆಯ ಉತ್ತರ

ಹಳದಿಯ ಬಗ್ಗೆ ಒಂದು ಮಾತು. ಸಕ್ಕರೆ ಹಾಕುವ ಮುನ್ನ ಬೆಣ್ಣೆಯೊಂದನ್ನೇ ಎಂಟು-ಹತ್ತು ನಿಮಿಷ ಬೀಟರಿನಲ್ಲಿ ಹೊಡೆದರೆ ಗಾಳಿ ತುಂಬಿ ಬಣ್ಣ ತಿಳಿಯಾಗುತ್ತದೆ. ನೇರಳೆ ಹಳದಿಯನ್ನು ಅಡಗಿಸುವುದರಿಂದ, ಉಳಿದ ಹಳದಿಗೆ ಕಡ್ಡಿಯ ತುದಿಗೆ ಅಂಟಿದಷ್ಟೇ ನೇರಳೆ ಜೆಲ್ ಸಾಕು.

ಆದರೆ ಅಪ್ಪಟ ಬಿಳಿ ಮತ್ತು ಅಪ್ಪಟ ಕಪ್ಪಿಗಾಗಿ ಇಷ್ಟು ಹೆಣಗಬೇಕೇ ಎಂಬುದು ನನ್ನ ಅನುಮಾನ. ಆ ಚಿತ್ರಗಳ ಸೊಗಸು ಬಣ್ಣದಲ್ಲಿಲ್ಲ, ಬೆಳಕು ಮತ್ತು ನೆರಳಿನ ಅಂತರದಲ್ಲಿದೆ. ಕಪ್ಪು-ಬಿಳುಪು ಚಿತ್ರಗಳಲ್ಲಿ ರಕ್ತಕ್ಕೆ ಚಾಕೊಲೇಟ್ ಪಾಕ ಬಳಸಿದ್ದುಂಟು, ನೋಡಿದವರಾರಿಗೂ ಅದು ಕಂದಾಗಿ ಕಾಣಲಿಲ್ಲ. ಎರಡೂ ಕ್ರೀಮನ್ನು ಒಂದು ತಟ್ಟೆಯಲ್ಲಿ ಅಕ್ಕಪಕ್ಕ ಸವರಿ ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆದು ನೋಡಿ. ಅಲ್ಲಿ ಅಂತರ ಸಾಕಷ್ಟು ಕಂಡರೆ ಇನ್ನು ಬಣ್ಣ ಹಾಕುವ ಅಗತ್ಯವಿಲ್ಲ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಕೋಕೋ ಬಳಸಿದ ಮೇಲೆ ಅಂಚು ಹರಡಲಿಲ್ಲ, ನಾಲಿಗೆಗೂ ಬಣ್ಣ ಹತ್ತಲಿಲ್ಲ. ನೇರಳೆ ಮಾತ್ರ ಕೈಮೀರಿ ಬಿಳಿ ಭಾಗ ತುಸು ಬೂದಿಯಂತಾಯಿತು. ಆದರೆ ಫೋಟೊದಲ್ಲಿ ಅದೇ ಹೊಗೆ ತುಂಬಿದ ಕೋಣೆಯ ಬೆಳಕಿನಂತೆ ಕಂಡದ್ದರಿಂದ ಹಾಗೆಯೇ ಬಿಟ್ಟಿದ್ದೇನೆ. ಈಗ ಉಳಿದಿರುವ ತೊಡಕು ಒಂದೇ: ಸ್ಕ್ರೇಪರ್ (ಕ್ರೀಮನ್ನು ಸಮ ಮಾಡುವ ಚಪ್ಪಟೆ ಪಟ್ಟಿ) ಎಳೆದಾಗ ಕಪ್ಪು ಕ್ರೀಮ್ ಬಿಳಿಯ ಮೇಲೆ ಮೆತ್ತಿಕೊಳ್ಳುತ್ತದೆ.

ಮೊದಲ ಉತ್ತರದವರಿಂದ

ಬಿಳಿಯನ್ನು ಮೊದಲು ಹಚ್ಚಿ, ಹಲ್ಲುಳ್ಳ ಸ್ಕ್ರೇಪರಿನಿಂದ ತೋಡು ಕೊರೆದು, ಬೆರಳು ತಾಗಿಸಿದರೆ ಗುರುತು ಬೀಳದಷ್ಟು ಗಟ್ಟಿಯಾಗುವವರೆಗೆ ಫ್ರಿಜ್ಜಿನಲ್ಲಿಡಿ. ಆಮೇಲೆ ತೋಡುಗಳಲ್ಲಿ ಕಪ್ಪನ್ನು ತುಂಬಿ, ನೇರ ಅಂಚಿನ ಸ್ಕ್ರೇಪರನ್ನು ಪ್ರತಿ ಸುತ್ತಿಗೂ ಒರೆಸಿಕೊಂಡು ಎಳೆಯಿರಿ. ಮೊದಲ ಎರಡು-ಮೂರು ಸುತ್ತುಗಳಲ್ಲಿ ಎಲ್ಲವೂ ಕೆಟ್ಟಂತೆ ಕಾಣುತ್ತದೆ. ಅಲ್ಲಿಗೆ ಕೈಬಿಡಬೇಡಿ, ಐದಾರು ಸುತ್ತಿನ ಹೊತ್ತಿಗೆ ಮೇಲಿನ ಪದರ ಹೋಗಿ ಗೆರೆಗಳು ಹೊರಬರುತ್ತವೆ.