ಸಹಾಯ ಬೇಕು: ಸ್ಪ್ರಿಂಗ್ ಬದಲಿಸಿದ ಮೇಲೆ ಸ್ಟಿಯರಿಂಗ್ ತಿರುಗಿಸಿದಾಗ ಟಕ್ ಎಂಬ ಸದ್ದು

ಎಲ್ಲರಿಗೂ ನಮಸ್ಕಾರ. ನಾನು ಸುರತ್ಕಲ್‌ನವನು. ನನ್ನದು 2017ರ ಫೋಕ್ಸ್‌ವ್ಯಾಗನ್ ಪೋಲೋ ಜಿಟಿಐ ಕಾರು, 1.8 ಲೀಟರ್ ಟರ್ಬೊ ಎಂಜಿನ್, ಮುಂದಿನ ಚಕ್ರಗಳಿಗಷ್ಟೇ ಚಾಲನೆ. ಕಳೆದ ವಾರ ಒಂದು ಗ್ಯಾರೇಜಿನಲ್ಲಿ ಕಾರನ್ನು 25 ಮಿ.ಮೀ. ತಗ್ಗಿಸುವ ಲೋವರಿಂಗ್ ಸ್ಪ್ರಿಂಗ್ ಹಾಕಿಸಿದೆ. ತಿರುವುಗಳಲ್ಲಿ ಕಾರು ನೆಲಕ್ಕೆ ಅಂಟಿಕೊಂಡಂತೆ ಓಡುತ್ತದೆ, ಅದರಲ್ಲಿ ಎರಡು ಮಾತಿಲ್ಲ.

ಆದರೆ ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದರೆ ಎಡಗಡೆಯ ಸ್ಟ್ರಟ್‌ನ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಕೂಡಿದ ಕಂಬ) ಮೇಲ್ಭಾಗದಲ್ಲಿ ಟಕ್ ಎಂದು ಸದ್ದು. ಕೈಯಿಟ್ಟು ನೋಡಿದರೆ ಸ್ಪ್ರಿಂಗ್ ತಡೆದು ತಡೆದು ಜಾರುವುದು ಗೊತ್ತಾಗುತ್ತದೆ. ಸ್ಟ್ರಟ್‌ನ ತುದಿಯಲ್ಲಿದ್ದು ಅದು ಸಲೀಸಾಗಿ ತಿರುಗುವಂತೆ ಮಾಡುವ ಹಳೆಯ ಟಾಪ್ ಮೌಂಟ್ ಬೇರಿಂಗನ್ನೇ ಮರಳಿ ಕೂರಿಸಿದ್ದಾರೆ, ನನ್ನ ಅನುಮಾನ ಅದರ ಮೇಲೆ. ಅಥವಾ ಸ್ಪ್ರಿಂಗಿನ ತುದಿ ಕೆಳಗಿನ ತಟ್ಟೆಯಲ್ಲಿ ಸರಿಯಾಗಿ ಕುಳಿತಿಲ್ಲವೇ? ಇನ್ನೊಂದು ಸಂಕಟ: ಕಾರು ಲಿಫ್ಟಿನ ಮೇಲೆ ನೇತಾಡುತ್ತಿರುವಾಗಲೇ ಕಂಟ್ರೋಲ್ ಆರ್ಮ್ (ಚಕ್ರವನ್ನು ಕಾರಿನ ಚೌಕಟ್ಟಿಗೆ ಜೋಡಿಸುವ ತೋಳು) ಬೋಲ್ಟುಗಳನ್ನು ಪೂರ್ತಿ ಬಿಗಿದರು. ಚಕ್ರಗಳ ಮೇಲೆ ಭಾರ ಬಿದ್ದ ಮೇಲೆ ಬಿಗಿಯದಿದ್ದರೆ ಅದರ ಕೀಲಿನ ರಬ್ಬರ್ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಹೇಳಿದರೂ ಕೇಳಲಿಲ್ಲ, ತುಂಬಾ ಬೇಸರವಾಯಿತು. ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್ ಕೂಡ ಆಗಿಲ್ಲ.

ಮಂಗಳೂರು, ಉಡುಪಿ ಆಸುಪಾಸಿನಲ್ಲಿ ಸ್ಟ್ರಟ್ ಬಿಚ್ಚಿ, ಟಾರ್ಕ್ ರೆಂಚ್ ಹಿಡಿದು ಅಳತೆ ಪ್ರಕಾರ ಬಿಗಿಯುವ ಮೆಕ್ಯಾನಿಕ್ ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಕಂಪನಿಯ ಡ್ಯಾಂಪರನ್ನೇ (ಶಾಕ್ ಅಬ್ಸಾರ್ಬರ್) ಉಳಿಸಿಕೊಂಡವರು ಬಂಪ್ ಸ್ಟಾಪ್ (ಸಸ್ಪೆನ್ಷನ್ ಪೂರ್ತಿ ಕುಸಿದಾಗ ಹೊಡೆತ ತಡೆಯುವ ಮೆತ್ತೆ) ಕತ್ತರಿಸಿದ್ದೀರಾ? ಮುಂದಿನ ವಾರ ಮನೆಯವರನ್ನು ಕೂರಿಸಿಕೊಂಡು ಶಿರಾಡಿ ಘಾಟಿ ಹತ್ತಬೇಕಿದೆ, ಅದಕ್ಕೂ ಮೊದಲು ಇದು ಸರಿಯಾಗಬೇಕು.